ದಿನನಿತ್ಯದ ನಂಬಿಕೆಗೆ ಜಾಮೀನು ಯಾರು?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮತ್ತು ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಕೆಲವರು ಗಾಜಿನ ಮೇಲಿನ ಕ್ಯೂಆರ್ ಸ್ಟಿಕರ್ ಕಿತ್ತು ಹಾಕಿದರು. ಹತ್ತು ರೂಪಾಯಿಯ ಟೀಗೂ ಮೊಬೈಲ್ ತೋರಿಸಿ ಅಭ್ಯಾಸವಾಗಿದ್ದ ಗಿರಾಕಿಗಳು ಜೇಬಿನಲ್ಲಿ ಚಿಲ್ಲರೆ ಹುಡುಕುತ್ತ ನಿಂತರು. ಡಿಜಿಟಲ್ ಪಾವತಿಯಲ್ಲಿ ದೇಶದ ಮುಂಚೂಣಿಯಲ್ಲಿದ್ದ ಊರು ಹೀಗೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟಿತು.

ಕಾರಣ ಎಲ್ಲರಿಗೂ ಗೊತ್ತು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ಮಾಹಿತಿ ತರಿಸಿಕೊಂಡು, ಮಿತಿ ಮೀರಿ ವಹಿವಾಟು ನಡೆಸಿಯೂ ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ತರಕಾರಿ ಮಾರುವವರೊಬ್ಬರ ನೋಟಿಸ್‌ನಲ್ಲಿ 29 ಲಕ್ಷ ರೂಪಾಯಿ ತೆರಿಗೆ ಎಂದಿತ್ತು. ವ್ಯಾಪಾರಿಗಳು ಜುಲೈ 25ರಂದು ಅಂಗಡಿ ಮುಚ್ಚುವುದಾಗಿ ಘೋಷಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತುಕತೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ತೆರಿಗೆ ವಿನಾಯಿತಿ ಇರುವ ಹಾಲು, ಹಣ್ಣು, ತರಕಾರಿ ಮಾರುವವರಿಗೆ ತೊಂದರೆ ಕೊಡುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಬಿಸಿ ತಣಿಯಿತು.

ಕಾನೂನಿನ ಕಡೆಯಿಂದ ನೋಡಿದರೆ ಇಲಾಖೆಯ ಬಳಿ ಉತ್ತರವಿತ್ತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷ ಎಂದರೆ ದೊಡ್ಡ ಮೊತ್ತದಂತೆ ಕೇಳಿಸುತ್ತದೆ. ದಿನಕ್ಕೆ ಹಂಚಿದರೆ ಸುಮಾರು 11 ಸಾವಿರ. ಹಾಲು, ಬ್ರೆಡ್, ಸಿಗರೇಟು, ಬಿಸ್ಕತ್ತು ಮಾರುವ ಒಂದು ಗಲ್ಲಿಯ ಅಂಗಡಿ ಇಷ್ಟು ವಹಿವಾಟನ್ನು ಸಲೀಸಾಗಿ ಮುಟ್ಟುತ್ತದೆ, ಲಾಭ ಮಾತ್ರ ಅದರ ಸಣ್ಣ ಪಾಲು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳು ವಹಿವಾಟಿನ ಶೇ 1ರಷ್ಟು ಕಟ್ಟಿ ನಿಶ್ಚಿಂತರಾಗಿರಬಹುದಾದ ರಾಜಿ ತೆರಿಗೆ ಪದ್ಧತಿಯೂ ಇದೆ. ಆದರೆ ಮೊದಲೇ ನೋಂದಣಿ ಮಾಡಿಸಿದವರಿಗಷ್ಟೇ ಅದು ಸಿಗುತ್ತದೆ. ಅದೇ ರಸ್ತೆಯಲ್ಲಿ ವರ್ಷಗಳಿಂದ ತೆರಿಗೆ ಕಟ್ಟಿಕೊಂಡು ಬಂದ ಇನ್ನೊಬ್ಬ ಬೇಕರಿಯವನಿಗೆ, ಪಕ್ಕದವನು ಕಟ್ಟದೆ ಇದ್ದದ್ದು ಅನ್ಯಾಯವೇ ಆಗಿತ್ತು. ಇದನ್ನೂ ಮರೆಯಬಾರದು.

ಹಾಗಿದ್ದರೂ ತಪ್ಪು ವ್ಯಾಪಾರಿಗಳದ್ದೇ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಯುಪಿಐ ಬಳಸಿ ಎಂದು ಎಂಟು-ಒಂಬತ್ತು ವರ್ಷ ಹುರಿದುಂಬಿಸಿದ್ದು ಸರ್ಕಾರಗಳು ಮತ್ತು ಬ್ಯಾಂಕುಗಳು. ಸ್ಟಿಕರ್ ಅಂಟಿಸಲು ಬಂದ ಪ್ರತಿನಿಧಿ, ಈ ಪರದೆಯಲ್ಲಿ ಬೀಳುವ ಮೊತ್ತವೇ ಒಂದು ದಿನ ನಿಮ್ಮ ವಹಿವಾಟಿನ ಲೆಕ್ಕವಾಗುತ್ತದೆ ಎಂದು ಹೇಳಲಿಲ್ಲ. ಮೊದಲ ವರ್ಷ ಮಿತಿ ದಾಟಿದಾಗ ಒಂದು ಎಚ್ಚರಿಕೆಯ ಪತ್ರ ಬಂದಿದ್ದರೆ ಮುಂದಿನ ಮೂರು ವರ್ಷಗಳ ಬಾಕಿ ಬೆಳೆಯುತ್ತಲೇ ಇರಲಿಲ್ಲ. ಭಾವಮೈದುನ ಕೈಸಾಲವಾಗಿ ಕಳುಹಿಸಿದ ಹಣವೂ, ಮಗಳು ಅಪ್ಪನ ಖಾತೆಗೆ ಹಾಕಿದ ಸಂಬಳವೂ ಜಮೆಯ ಮೊತ್ತದಲ್ಲಿ ವ್ಯಾಪಾರದಂತೆ ಕಾಣುತ್ತವೆ. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ಸಲ ಅಷ್ಟೂ ಲೆಕ್ಕ ಕೇಳುವವರನ್ನು ಯಾವ ಊರಿನಲ್ಲೂ ಯಾರೂ ನಂಬುವುದಿಲ್ಲ. ‘ಜಿಎಸ್‌ಟಿ ತಿಳಿಯಿರಿ’ ಎಂಬ ಜಾಗೃತಿ ಕಾರ್ಯಕ್ರಮವನ್ನು ಇಲಾಖೆ ನಡೆಸಿತು, ಒಳ್ಳೆಯದೇ. ನೋಟಿಸ್‌ಗಿಂತ ಬಹಳ ಮೊದಲು ಅದು ನಡೆಯಬೇಕಿತ್ತು.

ಈ ಪ್ರಸಂಗದಿಂದ ನನಗೆ ಸ್ಪಷ್ಟವಾದದ್ದು ಇಷ್ಟು: ದಿನನಿತ್ಯದ ಬದುಕಿನಲ್ಲಿ ನಂಬಿಕೆ ನಿಲ್ಲುವುದು, ಎದುರಿನವರು ನಾಳೆಯೂ ಸಿಗುತ್ತಾರೆ ಮತ್ತು ಕೇಳಿದರೆ ಉತ್ತರ ಕೊಡುತ್ತಾರೆ ಎಂಬ ಖಾತ್ರಿಯ ಮೇಲೆ. ಹಳ್ಳಿಯಲ್ಲಿ, ಕೇರಿಯಲ್ಲಿ ಈ ಖಾತ್ರಿಯನ್ನು ರೂಢಿ ಕೊಡುತ್ತಿತ್ತು. ಪರಿಚಯವಿಲ್ಲದ ಜನರೇ ತುಂಬಿದ ನಗರದಲ್ಲಿ ಅದನ್ನು ಸಂಸ್ಥೆಗಳು ಕೊಡಬೇಕು. ಇಂದಿನ ಹಲವು ಸಂಕಟಗಳು ರೂಢಿ ಕೈಬಿಟ್ಟ ಜಾಗಕ್ಕೆ ಸಂಸ್ಥೆ ಇನ್ನೂ ಸರಿಯಾಗಿ ಬಂದು ನಿಲ್ಲದಿರುವುದರಿಂದ ಹುಟ್ಟಿದವು.

ಹಳೆಯ ದಿನಸಿ ಅಂಗಡಿಯ ಉದ್ರಿ ಪುಸ್ತಕವನ್ನು ನೋಡಿದವರಿಗೆ ರೂಢಿಯ ಕೆಲಸ ಅರ್ಥವಾಗುತ್ತದೆ. ಉದ್ದನೆಯ ಪುಸ್ತಕ, ಮನೆಗೊಂದು ಪುಟ. ಪುಟದ ಮೇಲೆ ವ್ಯಕ್ತಿಯ ಪೂರ್ತಿ ಹೆಸರಿಗಿಂತ ಹೆಚ್ಚಾಗಿ ‘ಮೇಷ್ಟ್ರ ಮನೆ’, ‘ಬಾವಿ ಮನೆ’ ಎಂದು ಬರೆದಿರುತ್ತಿತ್ತು. ಮಗು ಬಂದು ಅರ್ಧ ಕೆ.ಜಿ. ಸಕ್ಕರೆ ತೆಗೆದುಕೊಂಡು ‘ಅಪ್ಪನ ಲೆಕ್ಕಕ್ಕೆ ಬರೆದುಕೊಳ್ಳಿ’ ಎಂದರೆ ಸಾಕು. ಸಂಬಳದವರು ತಿಂಗಳ ಮೊದಲ ವಾರ, ಬೇಸಾಯಗಾರರು ಸುಗ್ಗಿ ಮುಗಿದ ಮೇಲೆ ತೀರಿಸುತ್ತಿದ್ದರು. ಅಂಗಡಿಯವನಿಗೆ ಜಾಮೀನು ಎಂದರೆ ಆ ಮನೆ ಅಲ್ಲೇ ಇರುತ್ತದೆ, ಜಾತ್ರೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಎದುರಾಗುತ್ತದೆ ಎಂಬ ಸಂಗತಿ. ಮದುವೆ ಮನೆಯ ಬಾಗಿಲಲ್ಲಿ ಕುಳಿತು ಮುಯ್ಯಿ ಬರೆದುಕೊಳ್ಳುವ ಪುಸ್ತಕವೂ ಇದೇ ಜಾತಿಯದು. ಉತ್ತರ ಕರ್ನಾಟಕದಲ್ಲಿ ಅದು ಆಯೇರಿ. ಯಾರು ಎಷ್ಟು ಕೊಟ್ಟರು ಎಂಬುದನ್ನು ಹತ್ತು ವರ್ಷದ ನಂತರ ಅವರ ಮನೆಯ ಮದುವೆಗೆ ಹೋಗುವಾಗ ತೆರೆದು ನೋಡುತ್ತಾರೆ. ಗದ್ದೆ ಕೆಲಸದ ಮುಯ್ಯಾಳಿನಲ್ಲೂ ಕೂಲಿಯ ಮಾತಿಲ್ಲ. ಇಂದು ನಿಮ್ಮ ನಾಟಿ, ನಾಳೆ ನಮ್ಮ ನಾಟಿ.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಅದರ ಇನ್ನೊಂದು ಮುಖವನ್ನು ಮುಚ್ಚಿಡುತ್ತಾರೆ. ಉದ್ರಿ ಪುಟ ಎಲ್ಲರಿಗೂ ತೆರೆಯುತ್ತಿರಲಿಲ್ಲ. ಕೇರಿಯ ಹೊರಗಿನವರಿಗೆ, ಅಂಗಡಿಯ ಮೆಟ್ಟಿಲನ್ನೇ ಹತ್ತಲು ಬಿಡದ ಜಾತಿಯವರಿಗೆ ಆ ನಂಬಿಕೆ ಸಿಗುತ್ತಿರಲಿಲ್ಲ. ಸಿಕ್ಕರೂ ಅಂಗಡಿಯವನು ಹೇಳಿದ ಬೆಲೆಯೇ ಬೆಲೆ, ಅವನು ಬರೆದದ್ದೇ ಲೆಕ್ಕ. ಯುಪಿಐಯನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. 2016ರ ಏಪ್ರಿಲ್‌ನಲ್ಲಿ ಆರಂಭವಾಗಿ, 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 2,000 ಕೋಟಿ ಪಾವತಿಗಳ ಸಂಖ್ಯೆ ದಾಟಿದ ಈ ವ್ಯವಸ್ಥೆ ಗಿರಾಕಿ ಯಾವ ಮನೆಯವನು ಎಂದು ಕೇಳುವುದಿಲ್ಲ.

ಹಾಗೆಂದು ಅದು ತಂತ್ರಜ್ಞಾನವೊಂದರಿಂದಲೇ ಗೆದ್ದಿತು ಎನ್ನಲಾಗದು. ಮೊದಲ ವರ್ಷಗಳಲ್ಲಿ ಅಂಗಡಿಯವರು ಗಿರಾಕಿಯ ಮೊಬೈಲ್ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡುತ್ತಿದ್ದರು. ನಕಲಿ ಪರದೆ ತೋರಿಸಿ ಹೋಗುವವರು ಹುಟ್ಟಿಕೊಂಡರು. ಸಂಜೆಯ ಗಲಾಟೆಯಲ್ಲಿ, ಎಣ್ಣೆಗೈಯಲ್ಲಿ ಬೋಂಡಾ ತೆಗೆಯುವವನಿಗೆ ಎಸ್‌ಎಂಎಸ್ ನೋಡಲು ಪುರುಸೊತ್ತು ಎಲ್ಲಿಯದು? ಆಗ ಬಂದದ್ದು ಸೌಂಡ್ ಬಾಕ್ಸ್. ಕೌಂಟರಿನ ಮೂಲೆಯಲ್ಲಿ ಕುಳಿತ ಆ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ಅಂಗಡಿಯವನು ತಲೆ ಎತ್ತುವುದೂ ಇಲ್ಲ. ಗಿರಾಕಿ ಕೂಡ ಆ ಧ್ವನಿ ಬರುವವರೆಗೆ ಕಾದು ಹೊರಡುತ್ತಾನೆ, ಬರದಿದ್ದರೆ ತಾನೇ ಮುಜುಗರದಿಂದ ಮೊಬೈಲ್ ಚಾಚುತ್ತಾನೆ. ಕಾಯುವ ಈ ಎರಡು ಕ್ಷಣಗಳ ಮರ್ಯಾದೆಯನ್ನು ಯಾವ ನಿಯಮವೂ ಕಲಿಸಿಲ್ಲ. ಹೊಸ ಯಂತ್ರದ ಸುತ್ತ ಜನ ತಾವೇ ಕಟ್ಟಿಕೊಂಡ ರೂಢಿ ಅದು. ಸರ್ಕಾರಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು ‘ಇಳಿಯುವಾಗ ತೆಗೆದುಕೊಳ್ಳಿ’ ಎನ್ನುವುದೂ ಇಂಥದೇ. ಆ ಪೆನ್ನಿನ ಗೀಟಿಗೆ ನಿಗಮದ ಮೊಹರಿಲ್ಲ, ಆದರೂ ಬಸ್ಸಿನಲ್ಲಿರುವ ಅಷ್ಟೂ ಜನ ಅದನ್ನು ಒಪ್ಪುತ್ತಾರೆ.

ನಂಬಿಕೆ ಇಲ್ಲದಿದ್ದರೆ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಬೇಕಾದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಬೇಕು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ಪದ್ಧತಿ ಇಲ್ಲಿ ದಶಕಗಳಿಂದ ಇದೆ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 20 ಸಾವಿರ ಬಾಡಿಗೆಯ ಮನೆಗೆ ಎರಡು ಲಕ್ಷ, ಬಡ್ಡಿಯಿಲ್ಲದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಮಾಲೀಕರು ಯಾಕೆ ಒಪ್ಪುವುದಿಲ್ಲ? ಬಾಡಿಗೆದಾರ ಖಾಲಿ ಮಾಡದೆ ಕುಳಿತರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕೆಂಬ ಭಯ. ಬಾಡಿಗೆದಾರನ ಭಯ ಇನ್ನೊಂದು: ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಮೇಲೂ ಉಳಿದದ್ದು ಪೂರ್ತಿ ಕೈಗೆ ಬರುತ್ತದೋ ಇಲ್ಲವೋ. ನ್ಯಾಯ ಬೇಗ ಸಿಗುವುದಿಲ್ಲವೆಂಬ ಅರಿವಿನ ಬೆಲೆಯೇ ಆ ಎರಡು ಲಕ್ಷ.

ಮುಂಗಡವೊಂದೇ ಸಾಲದೆಂಬಂತೆ ಪ್ರಶ್ನೆಗಳೂ ಬರುತ್ತವೆ. ‘ನಿಮ್ಮದು ಯಾವ ಊರು’ ಎಂದು ಸೌಜನ್ಯದಿಂದ ಶುರುವಾಗಿ, ಅಡುಗೆ ಏನೇನು ಮಾಡುತ್ತೀರಿ ಎಂಬಲ್ಲಿಗೆ ಬಂದು, ಜಾತಿ ಅಥವಾ ಧರ್ಮ ಗೊತ್ತಾದ ಕೂಡಲೇ ‘ಮನೆ ಈಗಾಗಲೇ ಕೊಟ್ಟಾಯಿತು’ ಎಂದು ಮುಗಿಯುತ್ತದೆ. ಸಮಾನ ಸಂಸ್ಕೃತಿ ನಂಬಿಕೆಯನ್ನು ಸುಲಭ ಮಾಡುತ್ತದೆ ಎಂದು ಬರೆಯುವವರು ಈ ಬಾಗಿಲಲ್ಲಿ ಒಮ್ಮೆ ನಿಲ್ಲಬೇಕು. ನಮ್ಮವರು ಎಂಬ ಮಾತು ಒಳಗಿದ್ದವರಿಗೆ ಕೊಡುವ ನೆಮ್ಮದಿಯ ಅಷ್ಟೂ ಭಾರವನ್ನು ಹೊರಗೆ ನಿಂತವರು ಹೊರುತ್ತಾರೆ.

ಒಳಗಿದ್ದವರಾದರೂ ಸುರಕ್ಷಿತವೇ? ನಮ್ಮ ರಾಜ್ಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದ ದೊಡ್ಡ ಹಣಕಾಸು ದುರಂತಗಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. 2019ರ ಜೂನ್‌ನಲ್ಲಿ ಐಎಂಎ ಎಂಬ ಹೂಡಿಕೆ ಸಂಸ್ಥೆ ಬಾಗಿಲು ಮುಚ್ಚಿದಾಗ ಶಿವಾಜಿನಗರದ ಕಚೇರಿ ಮುಂದೆ ಸಾವಿರಾರು ಹೂಡಿಕೆದಾರರು ಸೇರಿದ್ದರು. ಬಹುಪಾಲು ಮುಸ್ಲಿಂ ಕುಟುಂಬಗಳು. ಬಡ್ಡಿ ಬೇಡವೆನ್ನುವ ಧರ್ಮನಿಷ್ಠರಿಗೆ ಲಾಭದಲ್ಲಿ ಪಾಲು ಕೊಡುವುದಾಗಿ ಸಂಸ್ಥೆ ಹೇಳಿಕೊಂಡಿತ್ತು. ಮಗಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯ ಹಣ ಎಲ್ಲವೂ ಅಲ್ಲಿತ್ತು. ಏಳು ತಿಂಗಳೂ ಕಳೆದಿರಲಿಲ್ಲ, 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು 35 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಇಲ್ಲಿ ಸಾಲಿನಲ್ಲಿ ನಿಂತವರಲ್ಲಿ ಹಲವರು ದಕ್ಷಿಣ ಬೆಂಗಳೂರಿನ ಹಿರಿಯ ನಾಗರಿಕರು, ಬಡ್ಡಿಯಿಂದಲೇ ಔಷಧಿ-ದಿನಸಿ ಸಾಗಿಸುತ್ತಿದ್ದವರು. ಎರಡು ಸಂಸ್ಥೆಗಳ ಸ್ವರೂಪ ಬೇರೆ, ಎರಡು ಸಮುದಾಯಗಳು ಬೇರೆ. ಹೂಡಿದವರ ಲೆಕ್ಕಾಚಾರ ಮಾತ್ರ ಒಂದೇ: ನಮ್ಮವರು ನಡೆಸುವುದು, ನಮ್ಮ ಹಿರಿಯರೂ ಇಟ್ಟಿದ್ದಾರೆ, ಮೋಸ ಆಗದು.

ಹತ್ತಿರದವರನ್ನು ಲೆಕ್ಕ ಕೇಳುವುದು ಅವಮಾನ ಎಂದು ನಾವು ಭಾವಿಸುತ್ತೇವೆ. ಉದ್ರಿ ಪುಸ್ತಕದ ಕಾಲದಲ್ಲಿ ಈ ಸಂಕೋಚದಿಂದ ಅಂಥ ಹಾನಿ ಇರಲಿಲ್ಲ, ಮೊತ್ತ ಚಿಕ್ಕದು, ತಪ್ಪಿದರೆ ಊರೇ ಮಾತಾಡುತ್ತಿತ್ತು. ಸಾವಿರಾರು ಕೋಟಿಯ ಸಂಸ್ಥೆಯ ಮುಂದೆ ಅದೇ ಸಂಕೋಚವನ್ನು ಹೊತ್ತುಕೊಂಡು ಹೋದರೆ ಊರಿನ ಕಣ್ಣು ಅಷ್ಟು ದೂರ ಮುಟ್ಟುವುದಿಲ್ಲ. ಗಲ್ಲಿಯ ಚೀಟಿಯಲ್ಲೂ ಇದೇ ಕಥೆ. ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಂದು ಲಕ್ಷದ ಚೀಟಿ. ಕಷ್ಟದಲ್ಲಿರುವವರು ಕಡಿಮೆಗೆ ಕೂಗಿ ಎತ್ತುತ್ತಾರೆ, ಬಿಟ್ಟ ಹಣ ಉಳಿದವರಿಗೆ ಹಂಚಿಕೆಯಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿ ಕೇಳುತ್ತದೆ, ನಡೆಸುವವರು ಭದ್ರತಾ ಠೇವಣಿ ಇಡಬೇಕೆನ್ನುತ್ತದೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚಿಟ್ ನಡೆಸುತ್ತದೆ. ಆದರೂ ಮನೆಗೆಲಸದವರು, ಗಾರ್ಮೆಂಟ್ಸ್ ಕಾರ್ಮಿಕರು ಪಕ್ಕದ ಬೀದಿಯ ಅಕ್ಕನ ಚೀಟಿಗೇ ಸೇರುತ್ತಾರೆ. ಸಂಬಳದ ಚೀಟಿ, ಜಾಮೀನುದಾರರ ಸಹಿ ಅವರ ಬಳಿ ಎಲ್ಲಿವೆ? ಅಕ್ಕ ರಾತ್ರೋರಾತ್ರಿ ಮನೆ ಖಾಲಿ ಮಾಡಿದಾಗ ಮಾತ್ರ ಪೊಲೀಸ್ ಠಾಣೆಯಲ್ಲಿ ಮೊದಲು ಕೇಳುವ ಪ್ರಶ್ನೆ, ನೋಂದಣಿ ಆಗಿತ್ತೇ ಎಂಬುದು.

ನೆರೆಹೊರೆಯ ವಿಶ್ವಾಸವನ್ನೇ ಅಡವಾಗಿ ಬಳಸಿದ ಇನ್ನೊಂದು ಪ್ರಯೋಗ ಕಿರುಸಾಲದ್ದು, ಅಂದರೆ ಮೈಕ್ರೊಫೈನಾನ್ಸ್‌ನದು. ಬಾಂಗ್ಲಾದೇಶದಲ್ಲಿ ಮೊಹಮ್ಮದ್ ಯೂನುಸ್ ಅವರು ಬೆಳೆಸಿದ ಮಾದರಿಯ ತಿರುಳು ಸರಳ: ಬಡ ಹೆಣ್ಣುಮಕ್ಕಳಿಗೆ ಅಡವಿಡಲು ಆಸ್ತಿ ಇಲ್ಲ, ಪರಸ್ಪರ ಪರಿಚಯವಿದೆ. ಗುಂಪು ಕಟ್ಟಿ, ಒಬ್ಬರಿಗೊಬ್ಬರು ಹೊಣೆಯಾಗಲಿ. ಕರ್ನಾಟಕದ ಹಳ್ಳಿಗಳಿಗೆ ಇದು ಸಾಲ ತಂದದ್ದು ನಿಜ. ಬರಬರುತ್ತ ಒಂದೇ ಮನೆಗೆ ನಾಲ್ಕೈದು ಕಂಪನಿಗಳ ಸಾಲ ಸೇರಿತು. ವಾರದ ಕಂತಿನ ದಿನ ಒಬ್ಬಾಕೆ ಕಟ್ಟದಿದ್ದರೆ ವಸೂಲಿಗೆ ಬಂದವನು ಎದ್ದು ಹೋಗುವುದಿಲ್ಲ, ಗುಂಪಿನ ಉಳಿದ ಹೆಂಗಸರೂ ಮನೆಗೆ ಹೋಗುವಂತಿಲ್ಲ. ಹೊಲಕ್ಕೆ ಹೊತ್ತಾಯಿತು, ಮಕ್ಕಳು ಶಾಲೆಯಿಂದ ಬಂದಾಯಿತು, ಎಲ್ಲರ ಸಿಟ್ಟೂ ಆ ಒಬ್ಬಳ ಮೇಲೆ. ಸಕ್ಕರೆ ಕಡ ಕೊಡುತ್ತಿದ್ದ ಪಕ್ಕದ ಮನೆಯವಳೇ ಬಾಗಿಲು ಬಡಿಯುವವಳಾದಳು. ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಒಂದರ ಮೇಲೊಂದು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಜಾರಿಯಾಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲದ ಕಂತುಗಳು ಕುಟುಂಬದ ಮಾಸಿಕ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿತ್ತು. ಅದನ್ನು ಆಗಲೇ ಪಾಲಿಸಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಸಾಲ ಕೊಡುವವರು ತಮ್ಮ ಅಪಾಯವನ್ನು ನೆರೆಹೊರೆಯವರ ಸ್ನೇಹದ ಮೇಲೆ ಹೊರಿಸಿದರು. ನನ್ನ ಮಟ್ಟಿಗೆ, ಈ ಪಟ್ಟಿಯಲ್ಲಿ ಅತ್ಯಂತ ನೋವಿನದು ಇದೇ. ಮುರಿದ ಹಣ ಮತ್ತೆ ಬರಬಹುದು, ಕೇರಿಯಲ್ಲಿ ಮುರಿದ ಮಾತುಕತೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಗೌರವವೂ ಹೀಗೆಯೇ ದುರುಪಯೋಗವಾಗುತ್ತದೆ. ಪೊಲೀಸರು, ಅಧಿಕಾರಿಗಳು ಎಂದರೆ ತಲೆ ತಗ್ಗಿಸಿ ಕೇಳಬೇಕೆಂದು ಬೆಳೆದ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವನು ‘ನಿಮ್ಮ ಆಧಾರ್‌ನಿಂದ ಅಪರಾಧ ನಡೆದಿದೆ, ಯಾರಿಗೂ ಹೇಳಬೇಡಿ’ ಎಂದರೆ ನಿವೃತ್ತ ಮೇಷ್ಟ್ರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿಯೇ 2024ರ ಅಕ್ಟೋಬರ್‌ನಲ್ಲಿ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು. ದೂರಿಗೆ 1930 ಸಂಖ್ಯೆ ಇದೆ. ಈ ವಂಚನೆಯಲ್ಲಿ ಗಮನಿಸಬೇಕಾದದ್ದು, ಯಾರಿಗೂ ಹೇಳಬೇಡಿ ಎಂಬ ಆ ಒಂದು ಷರತ್ತು. ಮಗನಿಗೋ ಪಕ್ಕದ ಮನೆಯವರಿಗೋ ಒಂದು ಮಾತು ಹೇಳಿದರೆ ಮೋಸ ಅಲ್ಲೇ ಬಯಲಾಗುತ್ತದೆ. ಹಿಂದೆ ಪಡಸಾಲೆಯಲ್ಲಿ ನಾಲ್ಕು ಜನರ ಎದುರು ನಡೆಯುತ್ತಿದ್ದ ವ್ಯವಹಾರ ಮುಚ್ಚಿದ ಕೋಣೆಯ ಮೊಬೈಲ್‌ಗೆ ಬಂದಿರುವುದೇ ವಂಚಕರಿಗೆ ವರವಾಗಿದೆ.

ಹಾಗಾದರೆ ಸಂಸ್ಥೆಗಳನ್ನು ಜನ ನಂಬುವಂತಾಗಲು ಏನು ಬೇಕು? ಮೊದಲನೆಯದು ಭಾಷೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿ ಕನ್ನಡ ಮಾತನಾಡಲು ನಿರಾಕರಿಸಿದ ವಿಡಿಯೊ ಹರಿದಾಡಿದಾಗ, ಚರ್ಚೆಯೆಲ್ಲ ಸ್ವಾಭಿಮಾನದ ಸುತ್ತಲೇ ನಡೆಯಿತು. ಸ್ವಾಭಿಮಾನದ ವಿಚಾರ ಇದ್ದೇ ಇದೆ. ಅದರ ಜೊತೆ ಇನ್ನೊಂದು ನೇರ ಸಂಗತಿಯಿದೆ: ಸಹಿ ಹಾಕುವ ಕಾಗದದಲ್ಲಿ ಏನಿದೆ ಎಂದು ತಿಳಿಯದವನು ಬ್ಯಾಂಕನ್ನು ನಂಬುತ್ತಿಲ್ಲ, ಅದೃಷ್ಟವನ್ನು ನಂಬುತ್ತಿದ್ದಾನೆ. ತೆರಿಗೆ ನೋಟಿಸ್ ಕೂಡ ಓದಿದವನಿಗೆ ಮುಂದೇನು ಮಾಡಬೇಕೆಂದು ತಿಳಿಯುವ ಕನ್ನಡದಲ್ಲಿರಬೇಕು. ಕಚೇರಿಯ ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಎರಡನೆಯದು, ಬಿದ್ದಾಗ ಹಿಡಿಯುವ ಕೈ. ಠೇವಣಿ ವಿಮೆ 1993ರಿಂದ ಒಂದು ಲಕ್ಷ ರೂಪಾಯಿಯಲ್ಲೇ ನಿಂತಿತ್ತು. 2020ರ ಫೆಬ್ರುವರಿಯಲ್ಲಿ ಅದು ಐದು ಲಕ್ಷವಾಯಿತು. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ 90 ದಿನಗಳಲ್ಲಿ ಆ ಮೊತ್ತ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಸಹಕಾರ ಬ್ಯಾಂಕುಗಳ ಠೇವಣಿದಾರರು ಬೀದಿಗಿಳಿದು ಕೇಳಿದ್ದರಿಂದ ಇದು ಇಷ್ಟು ಬೇಗ ಆಯಿತೆಂದು ನಾನು ನಂಬಿದ್ದೇನೆ. ಆದರೆ ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಬೀದಿಬೀದಿಯಲ್ಲಿರುವ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಫಲಕದಲ್ಲಿ ಸಹಕಾರಿ ಎಂದು ಓದಿ ಹಣವಿಡುವ ಎಷ್ಟೋ ಜನರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಲ್ಲ.

ಪರಿಚಯ ಮತ್ತು ಲೆಕ್ಕ ಎರಡನ್ನೂ ಒಟ್ಟಿಗೆ ಹಿಡಿಯುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಆರಂಭಿಸಿದಾಗ, ಸಾಲ ಪಡೆಯುವವರೂ ಕೊಡುವವರೂ ಒಂದೇ ಊರಿನವರಾಗಿದ್ದರು. ಅದರ ಹಿಂದಿನ ವರ್ಷವಷ್ಟೇ ಬಂದಿದ್ದ ಕಾಯ್ದೆಯ ಪ್ರಕಾರ ಲೆಕ್ಕ ಮಾತ್ರ ಹೊರಗಿನವರ ಪರಿಶೋಧನೆಗೆ ಒಳಪಡುತ್ತಿತ್ತು. ಒಳಗಿನವರ ಪರಿಚಯ, ಹೊರಗಿನವರ ಕಣ್ಣು: ಈ ಜೋಡಿಯನ್ನು ಬಿಟ್ಟ ಕಡೆಯೆಲ್ಲ ಸಹಕಾರ ಕೆಟ್ಟಿದೆ.

ಆ ಕಣ್ಣನ್ನು ಪರಿಶೋಧಕರಿಗೆ ಒಪ್ಪಿಸಿ ಸುಮ್ಮನಿರಬೇಕಾಗಿಯೂ ಇಲ್ಲ. ಸೆಪ್ಟೆಂಬರ್ ಬಂದರೆ ಬಹುತೇಕ ಸಹಕಾರ ಸಂಘಗಳ ಸರ್ವಸದಸ್ಯರ ಸಭೆ ನಡೆಯುತ್ತದೆ. ಸ್ವಾಗತ, ಪ್ರತಿಭಾ ಪುರಸ್ಕಾರ, ವರದಿ ಓದು, ಊಟ. ಕೋರಂ ಭರ್ತಿಯಾಗುವುದೇ ಕಷ್ಟ. ಬಂದವರಲ್ಲೂ ಹಲವರು ವರದಿಯ ಪುಸ್ತಕವನ್ನು ಮಡಚಿಟ್ಟುಕೊಂಡು ಊಟದ ಸಾಲಿಗೆ ಹೋಗುತ್ತಾರೆ. ಆ ಪುಸ್ತಕದ ಕೊನೆಯ ಪುಟಗಳಲ್ಲಿ ಲೆಕ್ಕಪರಿಶೋಧಕರ ಆಕ್ಷೇಪಣೆಗಳಿರುತ್ತವೆ, ಅವಧಿ ಮೀರಿಯೂ ತೀರದ ಸುಸ್ತಿ ಸಾಲದ ಅಂಕಿ ಇರುತ್ತದೆ. ದೊಡ್ಡ ಸಾಲ ಎಷ್ಟು ಜನರ ಕೈಯಲ್ಲಿದೆ, ನಿರ್ದೇಶಕರು ಮತ್ತು ಅವರ ಕುಟುಂಬದವರ ಬಾಕಿ ಎಷ್ಟು, ಹೋದ ವರ್ಷದ ಆಕ್ಷೇಪಣೆಗಳಿಗೆ ಆಡಳಿತ ಮಂಡಳಿ ಏನು ಉತ್ತರ ಕೊಟ್ಟಿದೆ ಎಂದು ಎದ್ದು ನಿಂತು ಕೇಳಲು ಪ್ರತಿಯೊಬ್ಬ ಸದಸ್ಯನಿಗೂ ಹಕ್ಕಿದೆ. ಅಧ್ಯಕ್ಷರು ಸಂಬಂಧಿಕರೇ ಆಗಿದ್ದರೂ ಕೇಳಬೇಕು, ಮತ್ತು ಆ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕುಳಿತುಕೊಳ್ಳಬಾರದು.